ಚಿಲ್ಲರೆ ಇಲ್ಲ

ನೌಬಾದಿನಲ್ಲಿ ಹೊಸದಾಗಿ ಎದ್ದ ಮಾರ್ಟಿನಲ್ಲಿ
ನಾಲ್ಕನೇ ಕೌಂಟರು ನನ್ನದು.
ಎದೆಯ ಮೇಲಿನ ಬಿಲ್ಲೆಯಲ್ಲಿ ಸುಗಂಧಾ ಎಸ್.
ಎಸ್ ಅಂದರೆ ಸಾಮ್ಯುವೆಲಪ್ಪ,
ಮಂಗಲಪೇಟೆಯ ಚರ್ಚಿನಲ್ಲಿ ನಲವತ್ತು ವರ್ಷ ಗಂಟೆ ಹೊಡೆದವನು.

ಇಲ್ಲಿ ಗಂಟೆ ಇಲ್ಲ. ಪೀಂ ಅನ್ನುವ ಕೆಂಪು ಬೆಳಕು ಇದೆ.
ಸೋಪು, ಪೀಂ. ಸಕ್ಕರೆ, ಪೀಂ.
ಯಾವ ಸಮುದ್ರ ದಾಟಿ ಬಂತೋ ಸೇಬು,
ಅದರ ಕೆನ್ನೆಗೂ ಒಂದು ಚೀಟಿ, ಪೀಂ.
ಭಾನುವಾರ ರಜೆ ಕೊಡುವುದಿಲ್ಲ, ಅವತ್ತೇ ಜನ ಜಾಸ್ತಿ.
ಅಪ್ಪ ಕೇಳುವುದನ್ನು ಬಿಟ್ಟಿದ್ದಾನೆ.

ಎಲ್ಲದರ ಬೆಲೆ ತೊಂಬತ್ತೊಂಬತ್ತು,
ಇಲ್ಲವೇ ನೂರಾ ತೊಂಬತ್ತೊಂಬತ್ತು.
ಮೊದಲ ದಿನ ನಗು ಬಂದಿತ್ತು ನನಗೆ:
ಸಂಡೇ ಸ್ಕೂಲಿನ ಗೋಡೆಯ ಮೇಲಿದ್ದ ಕುರಿಗಳೆಲ್ಲ
ಮೈ ತೊಳೆದುಕೊಂಡು ಬಂದು ರ‍್ಯಾಕಿನಲ್ಲಿ ಸಾಲಾಗಿ ನಿಂತಿವೆ.
ಆ ಒಂದು?
ಆ ಒಂದಕ್ಕೆ ಟಾಫಿ ಕೊಡು, ಅಂದ ಮ್ಯಾನೇಜರು.

ಒಮ್ಮೆ, ಎರಡು ಕೊಂಡರೆ ಒಂದು ಉಚಿತದ ಮಗುವಿನ ಅಂಗಿ.
ಕವರು ಬಿಚ್ಚಿದರೆ
ಕಾಲರಿನ ಮಡಿಕೆಯಲ್ಲಿ ಉದ್ದನೆಯದೊಂದು ಕೂದಲು.
ಯಾವ ದೇಶದ್ದೋ, ಯಾವ ಹೊಲಿಗೆ ಸಾಲಿನಲ್ಲಿ
ನೀರು ಕುಡಿಯಲೂ ಏಳದೆ ಬಗ್ಗಿದ್ದವಳ ತಲೆಯಿಂದ ಉದುರಿದ್ದೋ.
ತಲೆಗೂದಲನ್ನೂ ಎಣಿಸಿಡುವವನು ಒಬ್ಬನಿದ್ದಾನೆ ಅನ್ನುತ್ತಿದ್ದ ಅಪ್ಪ.
ಯಂತ್ರಕ್ಕೆ ಹಿಡಿದೆ.
ಅಂಗಿಗೆ ಪೀಂ ಅಂದಿತು. ಕೂದಲಿಗೆ ಸುಮ್ಮನಿತ್ತು.
ಬೆರಳಿಗೆ ಸುತ್ತಿ, ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ನಾನೇನು ದೊಡ್ಡವಳಲ್ಲ.
ಕ್ರಿಸ್‌ಮಸ್ಸಿಗೆ ಇಲ್ಲಿಯದೇ ನಕ್ಷತ್ರ ಒಯ್ದೆ, ಸ್ಟಾಫ್ ರಿಯಾಯಿತಿಯಲ್ಲಿ.
ಬಿದಿರು ಸೀಳಿ, ಬಣ್ಣದ ಕಾಗದಕ್ಕೆ ಗಂಜಿ ಹಚ್ಚುತ್ತಿದ್ದ ಅಪ್ಪ
ಅದನ್ನು ತಿರುಗಿಸಿ ತಿರುಗಿಸಿ ನೋಡಿ
"ಚಲೋ ಅದ" ಅಂದ.
ಚಲೋನೇ ಇತ್ತು. ಏಳು ಬಣ್ಣ ಮಿನುಗುತ್ತಿತ್ತು.

ಮೊನ್ನೆ ಝರಣಮ್ಮ ಬಂದಳು, ಅಲಿಯಂಬರದವಳು.
ಕನ್ನಡಿಯಂಥ ನೆಲದ ಮೇಲೆ ಅವಳ ಕಾಲಿನ ಕೆಂಪು ಮಣ್ಣು.
ಒಂದು ಬಕೀಟು. ನೂರರ ನೋಟು. ನನ್ನ ಕೈಯಲ್ಲಿ ಟಾಫಿ.
"ಹಲ್ಲ ಇಲ್ಲ ನನಗ. ನನ್ನ ರೂಪಾಯಿ ಕೊಡು."
"ಚಿಲ್ಲರ ಇಲ್ಲ ಆಯಿ."
"ಇಷ್ಟು ದೊಡ್ಡ ಅಂಗಡ್ಯಾಗ ಒಂದು ರೂಪಾಯಿ ಇಲ್ಲೇನು?"
ಮತ್ತೆ ಮಾತಾಡಲಿಲ್ಲ.
ಬಕೀಟು ಬೋರಲು ಹಾಕಿ ಅದರ ಮೇಲೆ ಕೂತಳು.

ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು.
ಮ್ಯಾನೇಜರು ದೂರದಿಂದ ಹುಬ್ಬು ಹಾರಿಸಿದ.
ನಾನು ಎದ್ದೆ.
ತುಂಬಿದ ಗಾಡಿಗಳನ್ನೆಲ್ಲ ಅಲ್ಲಲ್ಲೇ ಬಿಟ್ಟು, ರಸ್ತೆ ದಾಟಿ,
ಚಹಾದಂಗಡಿಯ ಗಫೂರ್ ಭಾಯಿಗೆ ಒಂದು ರೂಪಾಯಿ ಕೇಳಿದೆ.
ಅವನು ಡಬ್ಬಿ ಅಲುಗಿಸಿ ಹುಡುಕಿಕೊಟ್ಟ. ಯಾಕೆ ಅನ್ನಲಿಲ್ಲ.

ಬರುವಷ್ಟರಲ್ಲಿ ಅವಳನ್ನು ಎಬ್ಬಿಸಿ ಕಳಿಸಿಬಿಟ್ಟಿದ್ದರು.
"ಟಂಟಂ ಹತ್ತಿ ಹ್ವಾದಳು," ಅಂದ
ಬಾಗಿಲಲ್ಲಿ ಬಿಲ್ಲುಗಳಿಗೆ ತೂತು ಹೊಡೆಯುವವನು.
ನನ್ನ ಮುಷ್ಟಿ ಸಡಿಲಾಯಿತೇನೋ,
ರೂಪಾಯಿ ಉರುಳಿ ರ‍್ಯಾಕಿನ ಅಡಿಗೆ ಹೋಯಿತು.
ಅರ್ಧ ದಿನದ ಪಗಾರ ಹಿಡಿದರು.

ರಾತ್ರಿ ಶಟರು ಅರ್ಧ ಇಳಿದ ಮೇಲೆ
ಕಸ ಹೊಡೆಯುವ ತೇಜಮ್ಮ ಮೊಬೈಲಿನ ದೀಪ ಹಚ್ಚಿ
ನೆಲಕ್ಕೆ ಕೆನ್ನೆಯಿಟ್ಟು, ರ‍್ಯಾಕುಗಳ ಅಡಿಗೆಲ್ಲ ಕಸಬರಿಗೆ ಹಾಕಿದಳು.
ಧೂಳು, ಒಡೆದ ಬಟನ್ನು, ಸತ್ತ ಜಿರಲೆ, ಹಳೆಯ ಆಫರಿನ ಚೀಟಿಗಳು.
"ಸಿಕ್ತು ನೋಡವ್ವ!"
ಅಷ್ಟು ದೊಡ್ಡ ದನಿ ಅವಳಿಗಿರುವುದು ನನಗೆ ಗೊತ್ತಿರಲಿಲ್ಲ.

ಅಪ್ಪ ಹೇಳುತ್ತಿದ್ದ ಕಥೆಯಲ್ಲಿ
ನಾಣ್ಯ ಸಿಕ್ಕವಳು ನೆರೆಹೊರೆಯವರನ್ನೆಲ್ಲ ಕರೆಯುತ್ತಾಳೆ.
ನಾವಿಬ್ಬರೇ ಇದ್ದೆವು. ಮೇಲೆ ಕ್ಯಾಮೆರಾದ ಕಣ್ಣು.
ಝರಣಮ್ಮ ಬಿಟ್ಟುಹೋದ ಟಾಫಿ
ಕೌಂಟರಿನ ಮೇಲೆ ಹಾಗೇ ಇತ್ತು.
ತೇಜಮ್ಮ ಹಲ್ಲಿನಿಂದ ಅದನ್ನು ಎರಡು ಮಾಡಿದಳು.
ಸೆರಗಿಗೆ ಒರೆಸಿ
ದೊಡ್ಡ ತುಂಡು ನನಗೆ ಕೊಟ್ಟಳು.

ಕರವಸ್ತ್ರದಲ್ಲಿ ಈಗ
ಒಂದು ಕೂದಲು, ಒಂದು ರೂಪಾಯಿ.
ಅಲಿಯಂಬರಕ್ಕೆ ಟಂಟಂ, ಹೋಗಲು ಇಪ್ಪತ್ತು, ಬರಲು ಇಪ್ಪತ್ತು.
ಲೆಕ್ಕ ಕೂಡುವುದಿಲ್ಲ.
ಮಂಗಳವಾರ ನನಗೆ ರಜೆ.